ಕಿಂಡಿಯಲ್ಲಿ ಕಾವಲು

ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದರು ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಆದರೆ ಬಾಗಿಲನ್ನು ಹೊತ್ತಿಗೆ ಸರಿಯಾಗಿಯೇ ಹಾಕಿ, ಅಗುಳಿ ಜಡಿದು, ಕಾವಲುಗಾರನನ್ನೂ ನಿಲ್ಲಿಸಿ, ಹಿಂಬದಿಯ ದಿಡ್ಡಿ ಬಾಗಿಲನ್ನು ಮಾತ್ರ ಮರೆತುಬಿಡುವವರೂ ಇದ್ದಾರೆ. ಕಂಪ್ಯೂಟರು ಇರುವ ಮನೆಗಳಲ್ಲಿಯೂ ಕಚೇರಿಗಳಲ್ಲಿಯೂ ಇಂಥವರ ಸಂಖ್ಯೆ ಅಲ್ಪವಲ್ಲ.

ಒಂದು ಸಣ್ಣ ಮುದ್ರಣಾಲಯವನ್ನು ಕಲ್ಪಿಸಿಕೊಳ್ಳಬಹುದು. ಲಗ್ನಪತ್ರಿಕೆ, ಅಂಗಡಿಯ ಬಿಲ್ಲುಪುಸ್ತಕ, ಶಾಲೆಯ ವಾರ್ಷಿಕ ಸಂಚಿಕೆ ಇವೇ ಅದರ ಜೀವನ. ಗಿರಾಕಿಗಳು ಕಳುಹಿಸುವ ಚಿತ್ರಗಳೂ ಪುಟವಿನ್ಯಾಸಗಳೂ ಈಮೇಲಿನಲ್ಲಿ ಹಿಡಿಸದಷ್ಟು ದೊಡ್ಡವು. ಆದುದರಿಂದ ಅವು ಎಫ್.ಟಿ.ಪಿ. ಎಂಬ ಹಳೆಯ ಮಾರ್ಗದಲ್ಲಿ ಬಂದು ಸೇರುತ್ತವೆ. ಅವನ್ನು ಇಳಿಸಿಕೊಳ್ಳುವ ಹುಡುಗನನ್ನು ಯಜಮಾನರು ಕೇಳುತ್ತಾರೆ:

"ಇವನ್ನೆಲ್ಲ ತಪಾಸಣೆ ಮಾಡಿದೆಯೇನಪ್ಪ?"

"ಅದರಲ್ಲಿ ಮಾಡುವುದೇನಿದೆ ಯಜಮಾನರೇ? ಆಂಟಿವೈರಸ್ಸಿಗೆ ವರ್ಷವರ್ಷವೂ ಹಣ ಕಟ್ಟುತ್ತಿದ್ದೀರಲ್ಲ, ಅದೇ ನೋಡಿಕೊಳ್ಳುತ್ತದೆ."

ಯಜಮಾನರಿಗೆ ಸಮಾಧಾನವಾಗುತ್ತದೆ. ಹುಡುಗನ ಮಾತಿನಲ್ಲಿ ಅರ್ಧ ಸತ್ಯವೂ ಇದೆ. ಮಿಕ್ಕ ಅರ್ಧದಲ್ಲಿಯೇ ಅಪಾಯವಿರುವುದು. ಕಡತಗಳನ್ನೆಲ್ಲ ಗೂಢಲಿಪಿಗೆ ತಿರುಗಿಸಿ, ಬಿಡಿಸಿಕೊಡಲು ಹಣ ಕೇಳುವ ದುಷ್ಟ ತಂತ್ರಾಂಶವೊಂದು ಆ ಮಾರ್ಗದಲ್ಲಿ ಒಳಹೊಕ್ಕರೆ, ವರ್ಷಗಟ್ಟಲೆ ಕೂಡಿಟ್ಟ ಅಚ್ಚಿನ ಪುಟಗಳೂ ಲೆಕ್ಕಪತ್ರಗಳೂ ಒಂದೇ ಇರುಳಿನಲ್ಲಿ ಕೈಬಿಟ್ಟು ಹೋಗಬಹುದು. ಆ ಕಾವಲುಗಾರನು ನಿಜವಾಗಿಯೂ ಎಲ್ಲಿ ನಿಂತಿದ್ದಾನೆ, ಯಾವ ಬಾಗಿಲನ್ನು ನೋಡುತ್ತಿದ್ದಾನೆ ಎಂಬುದನ್ನು ಹಣ ಕಟ್ಟುವವರು ಒಮ್ಮೆಯಾದರೂ ವಿಚಾರಿಸಬೇಕಲ್ಲವೇ?

೧೯೭೧ರ ಎರಡು ಸಂಗತಿಗಳು

ಎಫ್.ಟಿ.ಪಿ. ಎಂದರೆ ಫೈಲ್ ಟ್ರಾನ್ಸ್‌ಫರ್ ಪ್ರೋಟೊಕಾಲ್. ಕಡತಗಳನ್ನು ಒಂದು ಕಂಪ್ಯೂಟರಿನಿಂದ ಮತ್ತೊಂದಕ್ಕೆ ಸಾಗಿಸುವಾಗ ಎರಡು ಯಂತ್ರಗಳೂ ಅನುಸರಿಸಬೇಕಾದ ನಡಾವಳಿ. ಇದರ ಮೊದಲ ಕರಡನ್ನು ಬರೆದವರು ಭಾರತೀಯರೆಂಬುದು ಅನೇಕರಿಗೆ ತಿಳಿಯದು. ಅಲಹಾಬಾದಿನಲ್ಲಿ ಜನಿಸಿ, ಕಾನ್ಪುರದ ಐ.ಐ.ಟಿ.ಯ ಮೊದಲ ತಂಡದ ವಿದ್ಯಾರ್ಥಿಯಾಗಿದ್ದು, ಅಮೆರಿಕದ ಎಂ.ಐ.ಟಿ.ಯನ್ನು ಸೇರಿದ ಅಭಯ್ ಭೂಷಣ್ ಅವರು ೧೯೭೧ರ ಏಪ್ರಿಲ್ ೧೬ರ ತಾರೀಖಿನಲ್ಲಿ ಆ ಕರಡನ್ನು ಹೊರತಂದರು. ಇಂದಿನ ಇಂಟರ್‌ನೆಟ್ಟಿಗೆ ಪೂರ್ವಜವಾದ ಅರ್ಪಾನೆಟ್ ಆಗಿನ್ನೂ ಕೂಸು. ಕೆಲವೇ ವಿಶ್ವವಿದ್ಯಾಲಯಗಳೂ ಸಂಶೋಧನಾಲಯಗಳೂ ಅದಕ್ಕೆ ಸೇರಿದ್ದವು. ಒಬ್ಬರನ್ನೊಬ್ಬರು ಬಲ್ಲ ವಿದ್ವಾಂಸರ ಕೂಟ ಅದು. ಅಲ್ಲಿ ಕಳ್ಳನ ಭಯವೆಲ್ಲಿಂದ ಬರಬೇಕು? ಆದುದರಿಂದ ಬಂದ ಕಡತದ ಒಳಗೇನಿದೆ ಎಂದು ಕೇಳುವ ಏರ್ಪಾಟು ಆ ನಡಾವಳಿಯಲ್ಲಿ ಇರಲಿಲ್ಲ. ಗುಪ್ತಪದವೂ ಸಹ ಯಾವ ಮರೆಯೂ ಇಲ್ಲದೆ, ತೆರೆದ ಅಂಚೆಕಾರ್ಡಿನ ಬರಹದಂತೆ ತಂತಿಯಲ್ಲಿ ಸಾಗುತ್ತಿತ್ತು. ೧೯೮೫ರ ಅಕ್ಟೋಬರಿನಲ್ಲಿ ಜಾನ್ ಪೋಸ್ಟೆಲ್ ಮತ್ತು ಜಾಯ್ಸ್ ರೆನಾಲ್ಡ್ಸ್ ಅವರು ಈ ನಡಾವಳಿಗೆ ಕೊಟ್ಟ ರೂಪವೇ ಇಂದಿಗೂ ಅದರ ತಳಹದಿ.

ವಿಧಿಯ ವಿನೋದವೆಂದರೆ, ಅದೇ ೧೯೭೧ರಲ್ಲಿ, ಅದೇ ಅರ್ಪಾನೆಟ್ಟಿನಲ್ಲಿ ಇನ್ನೊಂದು ಸಂಗತಿಯೂ ನಡೆಯಿತು. ಬಾಬ್ ಥಾಮಸ್ ಎಂಬ ತಂತ್ರಜ್ಞರು ಯಂತ್ರದಿಂದ ಯಂತ್ರಕ್ಕೆ ತಾನಾಗಿಯೇ ಸರಿದುಹೋಗುವ 'ಕ್ರೀಪರ್' ಎಂಬ ಕಾರ್ಯಕ್ರಮವನ್ನು ಪ್ರಯೋಗಕ್ಕಾಗಿ ಬರೆದರು. ಅದು ಯಾರಿಗೂ ಕೇಡು ಮಾಡಲಿಲ್ಲ. ತನ್ನನ್ನು ಹಿಡಿಯಿರಿ ಎಂದು ಕೆಣಕುವ ಒಂದು ಸಾಲನ್ನು ತೋರಿಸುತ್ತಿತ್ತು, ಅಷ್ಟೆ. ಅದನ್ನು ಬೆನ್ನಟ್ಟಿ ಅಳಿಸಿಹಾಕಲು 'ರೀಪರ್' ಎಂಬ ಮತ್ತೊಂದು ಕಾರ್ಯಕ್ರಮ ಹುಟ್ಟಿತು. ಈಮೇಲಿಗೆ ಪ್ರಖ್ಯಾತರಾದ ರೇ ಟಾಮ್ಲಿನ್‌ಸನ್ ಅದರ ಕರ್ತೃ. ಕಡತ ಸಾಗಿಸುವ ಮಾರ್ಗ, ಸರಿದಾಡುವ ಜಂತು, ಆ ಜಂತುವನ್ನು ಹಿಡಿಯುವ ಬೇಟೆಗಾರ, ಈ ಮೂರೂ ಹೀಗೆ ಒಂದೇ ಓರಗೆಯವು. ಆದರೆ ಮೊದಲನೆಯದು ಉಳಿದೆರಡನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದುದಲ್ಲ.

ಕಾವಲುಗಾರನಿಗೆ ಕಾಣದ ದಾರಿ

ಕಂಪ್ಯೂಟರಿಗೆ ಬರುವ ಹೋಗುವ ಸಂಚಾರಕ್ಕೆಲ್ಲ ಸಂಖ್ಯೆಯಿಟ್ಟ ಬಾಗಿಲುಗಳಿವೆ. ಅವಕ್ಕೆ ಪೋರ್ಟುಗಳೆಂದು ಹೆಸರು. ವೆಬ್ಬಿನ ಪುಟಗಳು ರೂಢಿಯಂತೆ ೮೦ ಮತ್ತು ೪೪೩ನೆಯ ಬಾಗಿಲುಗಳನ್ನು ಬಳಸುತ್ತವೆ. ಎಫ್.ಟಿ.ಪಿ.ಯ ಬಾಗಿಲು ೨೧. ಅದರ ವೈಚಿತ್ರ್ಯ ಇಷ್ಟಕ್ಕೇ ಮುಗಿಯುವುದಿಲ್ಲ. ೨೧ನೆಯ ಬಾಗಿಲಿನಲ್ಲಿ ನಡೆಯುವುದು ಮಾತುಕತೆ ಮಾತ್ರ: ಹೆಸರೇನು, ಗುಪ್ತಪದವೇನು, ಯಾವ ಕಡತ ಬೇಕು ಎಂಬ ವಿಚಾರಣೆ. ಕಡತವೆಂಬ ಸರಕು ಅಲ್ಲಿ ಬರುವುದಿಲ್ಲ. ಅದಕ್ಕಾಗಿ ಪ್ರತಿಸಲವೂ ಬೇರೊಂದು ದಾರಿ ತೆರೆಯುತ್ತದೆ. ಹಳೆಯ ಪದ್ಧತಿಯಲ್ಲಿ ಸರಕನ್ನು ಕೊಡುವ ಸರ್ವರು ತನ್ನ ೨೦ನೆಯ ಬಾಗಿಲಿನಿಂದ ಕೇಳಿದವನ ಕಡೆಗೆ ದಾರಿ ತೆರೆಯುತ್ತಿತ್ತು. ಈಗ ಹೆಚ್ಚು ರೂಢಿಯಲ್ಲಿರುವ ಪದ್ಧತಿಯಲ್ಲಿ ಸರ್ವರು ಆ ಹೊತ್ತಿಗೆ ಒಂದು ಬಾಗಿಲನ್ನು ಆರಿಸಿ ಹೇಳುತ್ತದೆ, ಕೇಳಿದವನು ಅಲ್ಲಿಗೆ ಹೋಗಿ ತರಬೇಕು. ಅಂಗಡಿಯ ಗಲ್ಲೆಯಲ್ಲಿ ಚೀಟಿ ಬರೆಸಿಕೊಂಡು, ಸರಕನ್ನು ಹಿಂದಿನ ಓಣಿಯ ಉಗ್ರಾಣದಿಂದ ಪಡೆದುಕೊಳ್ಳುವ ಹಾಗೆ.

ಆಂಟಿವೈರಸ್ ತಂತ್ರಾಂಶದಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಕಾವಲಿರುತ್ತದೆ. ಒಂದು, ದಾರಿಯ ಕಾವಲು: ಇಂಟರ್‌ನೆಟ್ಟಿನಿಂದ ಬರುವುದನ್ನು ದಾರಿಯಲ್ಲಿಯೇ ತಡೆದು ನೋಡುವುದು. ಇನ್ನೊಂದು, ಮನೆಯೊಳಗಿನ ಕಾವಲು: ಡಿಸ್ಕಿನ ಮೇಲೆ ಕಡತವನ್ನು ಬರೆದಾಗ ಅಥವಾ ತೆರೆದಾಗ ಅದನ್ನು ಪರೀಕ್ಷಿಸುವುದು. ದಾರಿಯ ಕಾವಲು ವೆಬ್ಬಿಗೂ ಈಮೇಲಿಗೂ ಒಗ್ಗಿದುದು. ಎಫ್.ಟಿ.ಪಿ.ಯನ್ನು ನೋಡುವ ತಂತ್ರಾಂಶಗಳೂ ಇವೆ, ನೋಡದವೂ ಇವೆ. ನೋಡುವ ತಂತ್ರಾಂಶವಾದರೂ ಗಲ್ಲೆಯ ಮಾತುಕತೆಯನ್ನು ಆಲಿಸಿ, ಸರಕು ಯಾವ ಓಣಿಯಿಂದ ಬರುವುದೆಂದು ಪ್ರತಿಸಲವೂ ಪತ್ತೆಹಚ್ಚಬೇಕು. ಸಂಚಾರವನ್ನು ಗೂಢಲಿಪಿಯಲ್ಲಿ ಮುಚ್ಚಿದ್ದರೆ ಅದೂ ಕಷ್ಟ.

ಗೂಢಲಿಪಿಯ ಮಾತು ಬಂದುದರಿಂದ ಇನ್ನೊಂದು ಭ್ರಮೆಯನ್ನೂ ಇಲ್ಲಿಯೇ ಕಳೆಯಬೇಕು. ಹಳೆಯ ಎಫ್.ಟಿ.ಪಿ.ಯ ಬದಲು ಎಫ್.ಟಿ.ಪಿ.ಎಸ್. ಅಥವಾ ಎಸ್.ಎಫ್.ಟಿ.ಪಿ. ಎಂಬ ಮುಸುಕಿನ ಮಾರ್ಗಗಳನ್ನು ಬಳಸುವುದು ಉಚಿತವೇ ಹೌದು. ಗುಪ್ತಪದವನ್ನು ದಾರಿಹೋಕರು ಕದ್ದು ಓದಲಾರರು. ಆದರೆ ಆ ಮುಸುಕು ದಾರಿಯನ್ನು ಕಾಯುತ್ತದೆ, ಸರಕಿನ ಗುಣಕ್ಕೆ ಜಾಮೀನು ನಿಲ್ಲುವುದಿಲ್ಲ. ಪರದೆ ಇಳಿಬಿಟ್ಟ ಪಲ್ಲಕ್ಕಿಯಲ್ಲಿ ಮದುಮಗಳೂ ಬರಬಹುದು, ಕಳ್ಳನೂ ಬರಬಹುದು.

ಬ್ರೌಸರಿನ ಸಹಾಯವೂ ಈಗ ಇಲ್ಲ. ಫೈರ್‌ಫಾಕ್ಸ್ ತನ್ನ ೯೦ನೆಯ ಆವೃತ್ತಿಯಿಂದ ೨೦೨೧ರ ಜುಲೈಯಲ್ಲಿಯೂ, ಕ್ರೋಮ್ ತನ್ನ ೯೫ನೆಯ ಆವೃತ್ತಿಯಿಂದ ಅದೇ ವರ್ಷದ ಅಕ್ಟೋಬರಿನಲ್ಲಿಯೂ ಎಫ್.ಟಿ.ಪಿ.ಯನ್ನು ಕಿತ್ತುಹಾಕಿದವು. ಬ್ರೌಸರುಗಳು ಮಾಡುತ್ತಿದ್ದ ಒಂದು ಉಪಕಾರವನ್ನು ಇಲ್ಲಿ ನೆನೆಯಬೇಕು. ವಿಂಡೋಸಿನಲ್ಲಿ, ಇಂಟರ್‌ನೆಟ್ಟಿನಿಂದ ಬಂದ ಕಡತಕ್ಕೆ ಬ್ರೌಸರು ಹೊರಗಿನದು ಎಂಬ ಗುರುತನ್ನು ಅಂಟಿಸುತ್ತದೆ. ಅದನ್ನು ಕಂಡು ವಿಂಡೋಸ್ ತೆರೆಯುವ ಮುನ್ನ ಎಚ್ಚರಿಸುತ್ತದೆ. ಎಫ್.ಟಿ.ಪಿ. ಕಾರ್ಯಕ್ರಮಗಳೆಲ್ಲವೂ ಈ ಗುರುತನ್ನು ಹಾಕುತ್ತವೆಂದು ನಂಬುವಂತಿಲ್ಲ. ಆಜ್ಞೆಗಳನ್ನು ಟೈಪು ಮಾಡಿ ನಡೆಸುವ, ವಿಂಡೋಸಿನಲ್ಲಿಯೇ ಇರುವ ಹಳೆಯ ಎಫ್.ಟಿ.ಪಿ. ಕಾರ್ಯಕ್ರಮವಂತೂ ಹಾಕುವುದಿಲ್ಲ. ಗುರುತಿಲ್ಲದ ಕಡತ ಮನೆಯಲ್ಲಿಯೇ ಹುಟ್ಟಿದ ಕಡತದಂತೆ ನಿರಾತಂಕವಾಗಿ ತೆರೆದುಕೊಳ್ಳುತ್ತದೆ.

ಬ್ರೌಸರು ಕೈಬಿಟ್ಟಿತೆಂದ ಮಾತ್ರಕ್ಕೆ ಎಫ್.ಟಿ.ಪಿ. ಸತ್ತಿಲ್ಲ. ವೆಬ್‌ಸೈಟುಗಳನ್ನು ನೋಡಿಕೊಳ್ಳುವವರು ಅದನ್ನು ಬಳಸುತ್ತಾರೆ. ಕಚೇರಿಯ ದೊಡ್ಡ ಜೆರಾಕ್ಸ್ ಯಂತ್ರಗಳಲ್ಲಿ, ಬಾಗಿಲ ಮೇಲಿನ ಕಾವಲು ಕ್ಯಾಮರಾಗಳಲ್ಲಿ, ಮನೆಯ ಚಿತ್ರಗಳನ್ನೆಲ್ಲ ಕೂಡಿಡುವ ಸಂಗ್ರಹ ಪೆಟ್ಟಿಗೆಗಳಲ್ಲಿ ಅದು ಸದ್ದಿಲ್ಲದೆ ಬಾಳುತ್ತಿದೆ.

ಚಿತ್ರದ ಹೆಸರಿನ ಚೋರ

ಈ ಭಯ ಬರಿಯ ಊಹೆಯಲ್ಲವೆಂಬುದಕ್ಕೆ ೨೦೧೬ರ ಒಂದು ಪ್ರಸಂಗ ಸಾಕ್ಷಿಯಾಗಿದೆ. ಆ ವರ್ಷದ ಸೆಪ್ಟೆಂಬರಿನಲ್ಲಿ ಸೋಫೋಸ್ ಎಂಬ ಆಂಟಿವೈರಸ್ ಸಂಸ್ಥೆಯ ಸಂಶೋಧಕರು ಎಫ್.ಟಿ.ಪಿ. ಸರ್ವರುಗಳ ಮೂಲಕ ಹಬ್ಬುತ್ತಿದ್ದ ದುಷ್ಟ ತಂತ್ರಾಂಶವೊಂದನ್ನು ವರ್ಣಿಸಿ ಬರೆದರು. ಯಾರು ಬೇಕಾದರೂ ಕಡತವನ್ನು ಇಡಬಹುದಾದ ತೆರೆದ ಸರ್ವರುಗಳನ್ನು ಹುಡುಕಿ, ಅದು ಅಲ್ಲಿ ತನ್ನ ಪ್ರತಿಯನ್ನು ಬಿಟ್ಟು ಹೋಗುತ್ತಿತ್ತು. ಮನೆಗಳಲ್ಲಿ ಬಳಸುವ ಒಂದು ಮಾದರಿಯ ಸಂಗ್ರಹ ಪೆಟ್ಟಿಗೆ ಇದಕ್ಕೆ ವಿಶೇಷವಾಗಿ ತುತ್ತಾಯಿತು. ದೂರದಿಂದ ತಲಪುವ ಸೌಕರ್ಯವನ್ನು ಮಾಲೀಕರು ತೆರೆದಿಟ್ಟಿದ್ದರೆ, ಪೆಟ್ಟಿಗೆಯ ಸಾರ್ವಜನಿಕ ಫೋಲ್ಡರು ಲೋಕಕ್ಕೆಲ್ಲ ತೆರೆದುಕೊಳ್ಳುತ್ತಿತ್ತು.

ಆ ಪ್ರತಿಯ ಹೆಸರು 'ಫೋಟೊ'. ಅದರ ಚಿಹ್ನೆ ಸಾಮಾನ್ಯ ಫೋಲ್ಡರಿನದೇ. ಹೆಸರಿನ ಕೊನೆಯಲ್ಲಿ 'ಎಸ್‌.ಸಿ.ಆರ್.' ಎಂಬ ಮೂರಕ್ಷರದ ಬಾಲವಿತ್ತು. ಅದು ಚಿತ್ರವಲ್ಲ, ನಡೆಸಬಲ್ಲ ಕಾರ್ಯಕ್ರಮ ಎಂಬುದಕ್ಕೆ ಆ ಬಾಲವೇ ಗುರುತು. ಆದರೆ ಪರಿಚಿತವಾದ ಬಾಲಗಳನ್ನು ವಿಂಡೋಸ್ ತಾನಾಗಿಯೇ ಮರೆಮಾಡುತ್ತದೆ. ಮನೆಯಾಕೆ ಮಗನ ನಾಮಕರಣದ ಚಿತ್ರಗಳನ್ನು ನೋಡಬೇಕೆಂದು ಪೆಟ್ಟಿಗೆಯನ್ನು ತೆರೆದರೆ ಕಾಣುವುದು 'ಫೋಟೊ' ಎಂಬ ಫೋಲ್ಡರು. ಅದನ್ನು ಒತ್ತದಿರುವವರು ಯಾರು? ಒತ್ತಿದೊಡನೆ ತಂತ್ರಾಂಶ ಆಕೆಯ ಕಂಪ್ಯೂಟರಿನಲ್ಲಿ ನೆಲೆಯೂರಿ, ಮೊನೇರೊ ಎಂಬ ಡಿಜಿಟಲ್ ನಾಣ್ಯವನ್ನು ಕಳ್ಳರ ಪರವಾಗಿ ಗಣಿ ತೋಡತೊಡಗುತ್ತಿತ್ತು. ಯಂತ್ರ ಬಿಸಿಯಾಗುವುದು, ಕೆಲಸ ನಿಧಾನವಾಗುವುದು, ವಿದ್ಯುತ್ತಿನ ಬಿಲ್ಲು ಏರುವುದು ಇವು ಮನೆಯವರ ಪಾಲು. ನಾಣ್ಯ ಇನ್ನಾರದೋ ಪಾಲು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಆ ಕಡತ ಪೆಟ್ಟಿಗೆಯಲ್ಲಿ ಮಲಗಿದ್ದಷ್ಟು ಕಾಲ ನಿರ್ಜೀವ. ಅದಕ್ಕೆ ಜೀವ ಬರುವುದು ಯಾರಾದರೂ ಅದನ್ನು ತಮ್ಮ ಕಂಪ್ಯೂಟರಿನಲ್ಲಿ ತೆರೆದಾಗ. ಬಂದು ಇಳಿಯುವುದಕ್ಕೂ ತೆರೆಯುವುದಕ್ಕೂ ನಡುವೆ ಇರುವ ಆ ಗಳಿಗೆಯೇ ಕಾವಲಿನ ಗಳಿಗೆ.

ಚಿತ್ರದುರ್ಗದ ಓಬವ್ವನ ಕಥೆಯನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಾಗಲಾರದು. ಆಕೆ ಹೆಬ್ಬಾಗಿಲಿಗೆ ಓಡಲಿಲ್ಲ. ಶತ್ರುಗಳು ಯಾವ ದಾರಿಯಿಂದ ದುರ್ಗದ ಬುಡಕ್ಕೆ ಬಂದರೆಂದು ವಿಚಾರಿಸುತ್ತ ಕೂರಲಿಲ್ಲ. ಅವರು ಒಬ್ಬೊಬ್ಬರಾಗಿ ತಲೆ ತೂರಿಸಲೇಬೇಕಾದ ಕಿಂಡಿಯ ಬಳಿ ಒನಕೆ ಹಿಡಿದು ನಿಂತಳು. ಕಡತದ ವಿಷಯದಲ್ಲಿಯೂ ಅಷ್ಟೆ. ದಾರಿಗಳು ನೂರಿರಬಹುದು. ಆದರೆ ಯಾವ ದಾರಿಯಿಂದ ಬಂದರೂ ಅದು ಕೊನೆಗೆ ಡಿಸ್ಕಿನ ಮೇಲೆ ಇಳಿಯಲೇಬೇಕು. ಆ ಇಳಿಯುವ ತಾಣವೇ ಕಿಂಡಿ. ಕಾವಲು ಅಲ್ಲಿರತಕ್ಕದ್ದು.

ಜಗುಲಿಯ ಪದ್ಧತಿ

ಇದನ್ನು ಆಚರಣೆಗೆ ತರುವ ಬಗೆ ಕಠಿನವಲ್ಲ. ಹಿಂದಿನ ಮನೆಗಳಲ್ಲಿ ಅಪರಿಚಿತನು ಬಂದರೆ ನೇರವಾಗಿ ನಡುಮನೆಗೆ ಕರೆಯುತ್ತಿರಲಿಲ್ಲ. ಜಗುಲಿಯ ಮೇಲೆ ಕೂರಿಸಿ, ನೀರು ಕೊಟ್ಟು, ಊರು ಹೆಸರು ಕೇಳಿದ ಮೇಲೆ ಒಳಗೆ ಬಿಡುತ್ತಿದ್ದರು. ಎಫ್.ಟಿ.ಪಿ.ಯಿಂದ ಬರುವ ಕಡತಗಳಿಗೂ ಅಂಥದೊಂದು ಜಗುಲಿ ಬೇಕು. ಅವೆಲ್ಲವೂ ಒಂದೇ ಪ್ರತ್ಯೇಕ ಫೋಲ್ಡರಿನಲ್ಲಿ ಬಂದಿಳಿಯುವಂತೆ ಏರ್ಪಡಿಸಿ, ತಪಾಸಣೆಯಾದ ಮೇಲೆ ಮಾತ್ರ ಕೆಲಸದ ಫೋಲ್ಡರಿಗೆ ಸಾಗಿಸಬೇಕು.

ಎರಡನೆಯದಾಗಿ, ಆಂಟಿವೈರಸ್ಸಿನ ಮನೆಯೊಳಗಿನ ಕಾವಲು, ಅಂದರೆ ಕಡತವನ್ನು ಬರೆದಾಗ ಮತ್ತು ತೆರೆದಾಗ ನೋಡುವ ಏರ್ಪಾಟು, ಸದಾ ಜಾಗೃತವಾಗಿರಬೇಕು. ವಿಂಡೋಸಿನೊಡನೆ ಬರುವ ಡಿಫೆಂಡರಿನಲ್ಲಿಯೂ ಈ ಕಾವಲಿದೆ. ದೊಡ್ಡ ಕಡತಗಳು ಇಳಿಯುವಾಗ ಯಂತ್ರ ನಿಧಾನವಾಗುತ್ತದೆಂದು ಕೆಲವರು ಆ ಫೋಲ್ಡರಿಗೆ ವಿನಾಯಿತಿ ಬರೆದಿಡುತ್ತಾರೆ. ಕಿಂಡಿಯ ಬಳಿಯಿಂದ ಕಾವಲನ್ನು ತೆಗೆಸಿದ ಹಾಗಾಯಿತು. ಬೇರೆಲ್ಲಿ ವಿನಾಯಿತಿ ಇದ್ದರೂ ಜಗುಲಿಗೆ ಇರಕೂಡದು.

ಮೂರನೆಯದಾಗಿ, ತಪಾಸಣೆ ಕಡತ ಪೂರ್ತಿ ಇಳಿದ ಮೇಲೆ ನಡೆಯಬೇಕು. ಅರ್ಧ ಇಳಿದ ಕಡತವನ್ನು ನೋಡಿ ಶುದ್ಧವೆಂದರೆ, ಉಳಿದರ್ಧಕ್ಕೆ ಹೊಣೆ ಯಾರು? ಇಳಿಸಿಕೊಳ್ಳುವ ಕೆಲಸಕ್ಕೆಂದೇ ಇರುವ ಡೌನ್‌ಲೋಡ್ ಮ್ಯಾನೇಜರುಗಳಲ್ಲಿ ಕೆಲವಕ್ಕೆ ಈ ಸೌಕರ್ಯವಿದೆ: ಪ್ರತಿಯೊಂದು ಕಡತವೂ ಮುಗಿದೊಡನೆ ಇಂಥ ಆಂಟಿವೈರಸ್ಸನ್ನು ಕರೆ ಎಂದು ಅದರ ಸೆಟಿಂಗ್ಸಿನಲ್ಲಿ ಒಮ್ಮೆ ಬರೆದಿಟ್ಟರೆ ಸಾಕು. ಆ ಸೌಕರ್ಯವಿಲ್ಲದವರು ಜಗುಲಿಯ ಫೋಲ್ಡರಿನ ಮೇಲೆ ಮೌಸಿನ ಬಲಗುಂಡಿಯನ್ನು ಒತ್ತಿ, ತಪಾಸಣೆ ಮಾಡುವಂತೆ ಹೇಳಬಹುದು. ಅರೆ ನಿಮಿಷದ ಕೆಲಸ.

ಮನುಷ್ಯರ ಕೈಯಿಲ್ಲದೆ ರಾತ್ರಿಯೆಲ್ಲ ಕಡತಗಳನ್ನು ತರಿಸಿಕೊಳ್ಳುವ ಕಚೇರಿಗಳಲ್ಲಿ ಈ ವಿಚಾರ ಇನ್ನೂ ಮುಖ್ಯ. ಅಲ್ಲಿ ಲಿನಕ್ಸ್ ಯಂತ್ರಗಳಿದ್ದರೆ ಕ್ಲ್ಯಾಮ್‌ಎವಿ ಎಂಬ ಉಚಿತ ಆಂಟಿವೈರಸ್ಸನ್ನು ಹೆಚ್ಚಾಗಿ ಬಳಸುತ್ತಾರೆ. ಅದರ ತಪಾಸಕನು ಕೆಲಸ ಮುಗಿಸಿದ ಮೇಲೆ ಒಂದು ಅಂಕಿಯನ್ನು ಹಿಂದಿರುಗಿಸುತ್ತಾನೆ. ೦ ಎಂದರೆ ವೈರಸ್ಸು ಕಾಣಲಿಲ್ಲ. ೧ ಎಂದರೆ ಕಂಡಿತು. ೨ ಎಂದರೆ ತಪಾಸಣೆಯೇ ಸರಿಯಾಗಿ ನಡೆಯಲಿಲ್ಲ. ಅನೇಕರು ಏರ್ಪಾಟನ್ನು ಬರೆಯುವಾಗ, ೧ ಬಂದರೆ ತಡೆ, ಇಲ್ಲದಿದ್ದರೆ ಬಿಡು ಎಂದು ಬರೆದುಬಿಡುತ್ತಾರೆ. ಆಗ ೨ ಬಂದ ಕಡತವೂ ಶುದ್ಧವಾದುದರ ಜೊತೆಯಲ್ಲಿ ಒಳಕ್ಕೆ ನುಸುಳುತ್ತದೆ. ಕಾವಲುಗಾರನು ಮೂರ್ಛೆ ಹೋದುದನ್ನು ಆತನ ಒಪ್ಪಿಗೆಯೆಂದು ತಿಳಿದ ಹಾಗೆ! ೦ ಬಂದರೆ ಮಾತ್ರ ಬಿಡು, ಬೇರೇನು ಬಂದರೂ ಜಗುಲಿಯಲ್ಲಿಯೇ ಇರಲಿ ಎಂದು ಬರೆಯುವುದು ಸರಿಯಾದ ಕ್ರಮ. ಗಿರಾಕಿಗಳೇ ಬಂದು ಕಡತವನ್ನಿಟ್ಟು ಹೋಗುವ ಸರ್ವರಾದರೆ, ಪ್ರತಿಯೊಂದು ಕಡತ ಬಂದ ಮೇಲೂ ಗೊತ್ತಾದ ಕಾರ್ಯಕ್ರಮವೊಂದನ್ನು ಕರೆಯುವ ಶಕ್ತಿ ಪ್ಯೂರ್-ಎಫ್‌ಟಿಪಿಡಿಯಂಥ ಸರ್ವರು ತಂತ್ರಾಂಶಗಳಲ್ಲಿ ಮೊದಲೇ ಅಡಕವಾಗಿದೆ.

ಇಷ್ಟೆಲ್ಲ ಮಾಡಿದ ಮೇಲೆ ಕಾವಲು ನಿಜವಾಗಿಯೂ ಎಚ್ಚತ್ತಿದೆಯೇ ಎಂದು ತಿಳಿಯುವುದು ಹೇಗೆ? ಇದಕ್ಕೆ ನಿರಪಾಯವಾದ ಉಪಾಯವೊಂದಿದೆ. 'ಐಕಾರ್' ಎಂಬ ಯೂರೋಪಿನ ಸಂಸ್ಥೆ ರೂಢಿಗೆ ತಂದ ಪರೀಕ್ಷಾ ಕಡತವೊಂದಿದೆ. ಅದು ಕೇವಲ ೬೮ ಅಕ್ಷರಗಳ ಒಂದು ಸಾಲು; ಯಾರಿಗೂ ಯಾವ ಕೇಡನ್ನೂ ಮಾಡದು. ಆದರೆ ಆಂಟಿವೈರಸ್ ತಯಾರಕರು ಅದನ್ನು ವೈರಸ್ಸೆಂದೇ ಹಿಡಿಯಲು ಒಪ್ಪಿಕೊಂಡಿದ್ದಾರೆ. ಕಚೇರಿಯಾದರೆ ಮೇಲಿನವರಿಗೆ ತಿಳಿಸಿ, ಆ ಕಡತವನ್ನು ತಮ್ಮದೇ ಎಫ್.ಟಿ.ಪಿ. ಸರ್ವರಿನಲ್ಲಿಟ್ಟು, ಎಂದಿನ ಮಾರ್ಗದಲ್ಲಿಯೇ ಇಳಿಸಿಕೊಂಡು ನೋಡಬೇಕು. ಕಾವಲುಗಾರನು ಕೂಗಿದರೆ ಸಂತೋಷ. ಕಡತ ಸದ್ದಿಲ್ಲದೆ ಕೆಲಸದ ಫೋಲ್ಡರನ್ನು ಸೇರಿದರೆ, ನಿಜವಾದ ಕಳ್ಳನಿಗೂ ಆ ದಾರಿ ತೆರೆದಿದೆಯೆಂದು ತಿಳಿಯಬೇಕು.

ಕಾವಲುಗಾರನಿಗೂ ಮಿತಿಗಳಿವೆ. ವೈರಸ್ಸುಗಳ ಗುರುತುಪಟ್ಟಿಯನ್ನು ಆಗಾಗ್ಗೆ ಹೊಸದಾಗಿ ತರಿಸಿಕೊಳ್ಳದಿದ್ದರೆ ಆತನು ಹಳೆಯ ಕಳ್ಳರನ್ನು ಮಾತ್ರ ಬಲ್ಲ. ಗುಪ್ತಪದ ಹಾಕಿ ಕಟ್ಟಿದ ಜಿಪ್ ಗಂಟಿನೊಳಗೆ ಆತನ ಕಣ್ಣು ಹಾಯದು. ಅಂಥದನ್ನು ಜಗುಲಿಯಲ್ಲಿಯೇ ಬಿಚ್ಚಿ ಮತ್ತೊಮ್ಮೆ ತೋರಿಸಬೇಕು. ಮಿತಿಮೀರಿ ದೊಡ್ಡದಾದ ಕಡತಗಳನ್ನು ನೋಡದೆ ಬಿಡುವ ತಪಾಸಕಗಳೂ ಇವೆ. ಆ ಮಿತಿ ಎಷ್ಟಕ್ಕೆ ನಿಂತಿದೆಯೆಂದು ಸೆಟಿಂಗ್ಸಿನಲ್ಲಿ ನೋಡಿ, ಅಗತ್ಯವಿದ್ದರೆ ಏರಿಸಬೇಕು.

ಕೇಳದೆ ಉಳಿಯುವ ಪ್ರಶ್ನೆ

ಇಲ್ಲಿಗೆ ಎಲ್ಲವೂ ಮುಗಿಯಿತೆಂದು ಭಾವಿಸಿದರೆ ತಪ್ಪಾದೀತು. ಆಂಟಿವೈರಸ್ಸು ಕೇಳುವುದು ಒಂದೇ ಪ್ರಶ್ನೆ: ಈ ಕಡತದಲ್ಲಿ ತನಗೆ ಪರಿಚಯವಿರುವ ಕೇಡು ಇದೆಯೇ? ಇದು ಕಳುಹಿಸಿದವರು ಕಳುಹಿಸಿದ ಕಡತವೇ ಎಂಬ ಪ್ರಶ್ನೆಯನ್ನು ಅದು ಕೇಳುವುದಿಲ್ಲ.

ಈ ಎರಡನೆಯ ಪ್ರಶ್ನೆಯ ಬೆಲೆ ೨೦೦೨ರಲ್ಲಿ ಲೋಕಕ್ಕೆ ತಿಳಿಯಿತು. ದೂರದ ಕಂಪ್ಯೂಟರುಗಳನ್ನು ಸುರಕ್ಷಿತವಾಗಿ ನಡೆಸಲು ಬಳಸುವ ಓಪನ್ ಎಸ್.ಎಸ್.ಎಚ್. ಎಂಬ ಪ್ರಸಿದ್ಧ ತಂತ್ರಾಂಶದ ಮೂಲಪ್ರತಿ ಅದರ ಸ್ವಂತ ಎಫ್.ಟಿ.ಪಿ. ಸರ್ವರಿನಲ್ಲಿತ್ತು. ಜುಲೈ ತಿಂಗಳ ಕೊನೆಯಲ್ಲಿ ಯಾರೋ ಅಲ್ಲಿಗೆ ನುಗ್ಗಿ, ಒಳಗೆ ಕಳ್ಳದಾರಿಯನ್ನು ತೆರೆಯುವ ಕೆಲವು ಸಾಲುಗಳನ್ನು ಸೇರಿಸಿದ ಪ್ರತಿಯನ್ನು ಅದರ ಜಾಗದಲ್ಲಿ ಇಟ್ಟರು. ಸುರಕ್ಷಿತತೆಗೇ ಹೆಸರಾದ ತಂತ್ರಾಂಶ, ಅದರದೇ ಸರ್ವರು, ಸಂಶಯಪಡಲು ಕಾರಣವೇನಿತ್ತು? ಆಗಸ್ಟ್ ೧ರಂದು ಮೋಸ ಬಯಲಾಯಿತು. ಬಯಲು ಮಾಡಿದುದು ವೈರಸ್ ತಪಾಸಣೆಯಲ್ಲ, ಒಂದು ಲೆಕ್ಕ. ಫ್ರೀ ಬಿ.ಎಸ್.ಡಿ. ಎಂಬ ಮತ್ತೊಂದು ವ್ಯವಸ್ಥೆಯವರು ಮೂಲ ಕಡತದ ಲೆಕ್ಕದ ಗುರುತನ್ನು ತಮ್ಮಲ್ಲಿ ಬೇರೆಯಾಗಿ ಬರೆದಿಟ್ಟುಕೊಂಡಿದ್ದರು. ಹೊಸದಾಗಿ ಇಳಿದ ಕಡತದ ಗುರುತು ಅದಕ್ಕೆ ಹೊಂದಲಿಲ್ಲ.

ಎಫ್.ಟಿ.ಪಿ. ಸರ್ವರು ತಂತ್ರಾಂಶಗಳೇ ಇಂಥ ಮೋಸಕ್ಕೆ ಒಳಗಾದುದೂ ಉಂಟು. ೨೦೧೦ರ ನವೆಂಬರ್ ೨೮ರಂದು ಪ್ರೊಎಫ್‌ಟಿಪಿಡಿಯ ಮೂಲಪ್ರತಿಯನ್ನು ಅದರ ಮುಖ್ಯ ಸರ್ವರಿನಲ್ಲಿಯೇ ಬದಲಾಯಿಸಲಾಯಿತು. ಅದು ಬೆಳಕಿಗೆ ಬಂದುದು ಡಿಸೆಂಬರ್ ೧ರಂದು. ಮರುವರ್ಷದ ಜುಲೈಯಲ್ಲಿ, ಹೆಸರಿನಲ್ಲಿಯೇ ಅತ್ಯಂತ ಸುರಕ್ಷಿತವೆಂಬ ಬಿರುದನ್ನು ಹೊತ್ತ ವಿ.ಎಸ್.ಎಫ್.ಟಿ.ಪಿ.ಡಿ.ಯ ೨.೩.೪ನೆಯ ಆವೃತ್ತಿಗೂ ಅದೇ ಗತಿಯಾಯಿತು. ಅದರ ಕರ್ತೃವಿನ ಡಿಜಿಟಲ್ ಸಹಿಯನ್ನು ತಾಳೆ ನೋಡಿದ್ದವರಿಗೆ ಮೋಸ ಆ ಕ್ಷಣವೇ ತಿಳಿಯುತ್ತಿತ್ತು.

ಮೇಲೆ ಹೇಳಿದ ಲೆಕ್ಕದ ಗುರುತನ್ನು ಕಡತದ ಬೆರಳಚ್ಚು ಎನ್ನಬಹುದು. ಈಗ ರೂಢಿಯಲ್ಲಿರುವ ಎಸ್.ಎಚ್.ಎ.-೨೫೬ ಎಂಬ ಕ್ರಮದಲ್ಲಿ ಅದು ೬೪ ಅಕ್ಷರಾಂಕಿಗಳ ಒಂದು ಸಾಲು. ಕಡತದಲ್ಲಿ ಒಂದು ಚುಕ್ಕೆ ಬದಲಾದರೂ ಸಾಲು ಬೇರೆಯೇ ಆಗುತ್ತದೆ. ತಂತ್ರಾಂಶ ತಯಾರಕರು ಅದನ್ನು ಪ್ರಕಟಿಸಿರುತ್ತಾರೆ. ಇಳಿಸಿಕೊಂಡವರು ತಮ್ಮಲ್ಲಿ ಲೆಕ್ಕಹಾಕಿ ತಾಳೆ ನೋಡಬೇಕು. ಆದರೆ ಬೆರಳಚ್ಚನ್ನು ಅದೇ ಸರ್ವರಿನಿಂದ ತಂದರೆ ಪ್ರಯೋಜನ ಅಲ್ಪ. ಕಡತವನ್ನು ಬದಲಿಸಿದವನು ಪಕ್ಕದಲ್ಲಿರುವ ಬೆರಳಚ್ಚನ್ನು ಬದಲಿಸದೆ ಬಿಟ್ಟಾನೆಯೇ? ಅದನ್ನು ಬೇರೊಂದು ಕಡೆಯಿಂದ ಪಡೆಯಬೇಕು, ಇಲ್ಲವೇ ಕರ್ತೃವಿನ ಡಿಜಿಟಲ್ ಸಹಿಯನ್ನು ನೋಡಬೇಕು. ಮುದ್ರಣಾಲಯದಂಥ ಕಡೆಗಳಲ್ಲಿ ಇಷ್ಟು ದೂರ ಹೋಗಬೇಕಾಗಿಲ್ಲ. ಹೇಳದೆ ಬಂದ ಕಡತವನ್ನು ಕಂಡರೆ, ಗಿರಾಕಿಗೆ ಒಂದು ಫೋನು ಮಾಡಿ ವಿಚಾರಿಸಿದರೆ ಸಾಕು.

ಒಂದು ಸಣ್ಣ ಸೂಚನೆ ಉಳಿದಿದೆ. ಎಫ್.ಟಿ.ಪಿ.ಯಲ್ಲಿ ಕಡತ ಸಾಗಿಸಲು ಆಸ್ಕಿ, ಬೈನರಿ ಎಂಬ ಎರಡು ಬಗೆಗಳಿವೆ. ಆಸ್ಕಿ ಬಗೆಯಲ್ಲಿ ಸಾಲಿನ ಕೊನೆಯ ಗುರುತುಗಳು ಯಂತ್ರಕ್ಕೆ ತಕ್ಕಂತೆ ಬದಲಾಗಬಹುದು. ಬರಿಯ ಬರಹಕ್ಕೆ ಅದು ಸೈ; ಚಿತ್ರಕ್ಕೋ ಕಾರ್ಯಕ್ರಮಕ್ಕೋ ಬಳಸಿದರೆ ಕಡತ ಕೆಡುತ್ತದೆ, ಬೆರಳಚ್ಚೂ ಹೊಂದುವುದಿಲ್ಲ. ಬೆರಳಚ್ಚು ತಪ್ಪಿದೊಡನೆ ಕಳ್ಳನೆಂದು ಗಾಬರಿಯಾಗದೆ, ಬೈನರಿ ಬಗೆಯಲ್ಲಿ ಇನ್ನೊಮ್ಮೆ ಇಳಿಸಿಕೊಂಡು ನೋಡುವುದು ವಿವೇಕ. ಆಗಲೂ ಹೊಂದದಿದ್ದರೆ ಆ ಕಡತವನ್ನು ತೆರೆಯಕೂಡದು.

ಮತ್ತೆ ಆ ಮುದ್ರಣಾಲಯಕ್ಕೆ ಬರೋಣವಾಗಲಿ. ಅಲ್ಲಿನ ಹುಡುಗನು ಸೋಮಾರಿಯಲ್ಲ. ಆತನ ನಂಬಿಕೆ ತಪ್ಪು ಕಡೆ ನೆಟ್ಟಿತ್ತು, ಅಷ್ಟೆ. ಹಣ ಕೊಟ್ಟು ಕೊಂಡ ಕಾವಲು ತಾನಾಗಿಯೇ ಎಲ್ಲ ದಾರಿಗಳನ್ನೂ ಕಾಯುತ್ತದೆಂದು ಆತನು ಭಾವಿಸಿದ್ದನು. ಒಂದು ಮಧ್ಯಾಹ್ನದ ಬಿಡುವಿನಲ್ಲಿ ಜಗುಲಿಯ ಫೋಲ್ಡರನ್ನು ಏರ್ಪಡಿಸಿ, ವಿನಾಯಿತಿಯನ್ನು ತೆಗೆದುಹಾಕಿ, ೬೮ ಅಕ್ಷರಗಳ ಆ ಸಾಲನ್ನು ಒಮ್ಮೆ ಕಳುಹಿಸಿ ನೋಡಿದನೆಂದರೆ ಕೆಲಸ ಮುಗಿಯಿತು. ಅಚ್ಚಿನ ಪುಟಗಳ ಇನ್ನೊಂದು ಪ್ರತಿಯನ್ನು ಈ ಯಂತ್ರಕ್ಕೆ ಅಂಟಿಸದ ಬೇರೊಂದು ಡಿಸ್ಕಿನಲ್ಲಿ ತೆಗೆದಿಟ್ಟರಂತೂ, ಎಂಥ ಕಾವಲು ತಪ್ಪಿದರೂ ಯಜಮಾನರ ನಿದ್ರೆಗೆ ಭಂಗವಿಲ್ಲ.

ಮರುದಿನ "ತಪಾಸಣೆ ಮಾಡಿದೆಯೇನಪ್ಪ?" ಎಂದು ಅವರು ಕೇಳಿದಾಗ ಹುಡುಗನು, "ಅದೇ ನೋಡಿಕೊಳ್ಳುತ್ತದೆ" ಎನ್ನುವುದಿಲ್ಲ. "ನೋಡ್ತಾ ಇದೆಯೋ ಇಲ್ಲವೋ ಅಂತ ನಾನೇ ನೋಡಿದೆ ಯಜಮಾನರೇ" ಎನ್ನುತ್ತಾನೆ.